ಮಧ್ಯಾಹ್ನದ ಬೆಂಕಿ

ಕಲ್ಲುಮುಚ್ಚಳ ಸರಿಸಿ ಒಲೆಯೊಳಗೆ ಇಣುಕಿದ ಮಾರ್ತಾಂಡನಿಗೆ ಕಂಡದ್ದು ಗುಡಿಸಿಟ್ಟ ಖಾಲಿ ಒಲೆ. ಒಂದು ಕಿಡಿಯೂ ಇರಲಿಲ್ಲ.

ಹೊತ್ತು ಮುಳುಗುತ್ತಿತ್ತು. ಮಾಗಿಯ ಚಳಿ ಆಗಷ್ಟೇ ಕಾಲಿಟ್ಟಿತ್ತು. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಮೂಗಿನ ತುದಿ ಮರಗಟ್ಟುತ್ತಿತ್ತು. ಬೆಂಕಿ ಬೇಕಾದ ಹೊತ್ತು ಎಂಬುದೊಂದಿದ್ದರೆ ಅದು ಇದೇ.

ಆಶ್ರಮವೆಂದರೆ ಹೊಳೆದಂಡೆಯ ಒಂದು ಹಳೆಯ ಮನೆ. ಯಾವುದೋ ಕಾಲದ ಪಾಳೇಗಾರನೊಬ್ಬ ತನ್ನ ಮುದಿ ತಾಯಿಗೆಂದು ಕಟ್ಟಿಸಿದ್ದು. ಅದರ ನಡುಕೋಣೆ ಬೇರೆಲ್ಲೂ ಕಾಣದಂಥದು. ನೆಲಕ್ಕೆ ಹಾಸಿದ ದಪ್ಪ ಚಪ್ಪಡಿಗಳ ಅಡಿಯಲ್ಲಿ ಪೊಳ್ಳು. ಹೊರಗೋಡೆಯ ಬುಡದಲ್ಲಿ ಒಲೆ. ಒಲೆಗೆ ಬೆಂಕಿ ಹಾಕಿದರೆ ಬಿಸಿಯೂ ಹೊಗೆಯೂ ನೆಲದಡಿ ಹರಿದು, ಆಚೆ ಗೋಡೆಯ ಹೊಗೆಗೂಡಿನಿಂದ ಮೇಲಕ್ಕೆ ಹೋಗುತ್ತಿದ್ದವು. ಕೋಣೆಯಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಕಲ್ಲು ಮಾತ್ರ ಕಾಯುತ್ತಿತ್ತು. ನೆಲದೊಲೆ ಎಂದು ಅದರ ಹೆಸರು.

ಆ ಕೋಣೆಯಲ್ಲಿ ಮಲಗುತ್ತಿದ್ದವಳು ನೀಲಜ್ಜಿ. ಆಶ್ರಮಕ್ಕೆ ಬಂದವರಿಗೆಲ್ಲ ಅಂಬಲಿ ಕಾಸಿ ಹಾಕಿ ಸವೆದ ಜೀವ. ಈಗ ಎದೆ ತುಂಬ ಗೂರಲು. ಊರಿನ ಪಂಡಿತರು ನಾಡಿ ಹಿಡಿದು ಹೇಳಿದ್ದರು, ‘ಹೊಗೆ ತಾಗಬಾರದು, ಥಂಡಿ ತಾಗಬಾರದು. ಈ ಚಳಿಗಾಲ ದಾಟಿಸಿಬಿಡಿ, ಆಮೇಲೆ ಅಜ್ಜಿ ನಿಮ್ಮನ್ನೇ ದಾಟಿಸ್ತಾಳೆ.’

ಮಳೆಗಾಲ ಮುಗಿದ ಮೇಲೆ ಆಶ್ರಮ ಸೇರಿದ ಮಾರ್ತಾಂಡನಿಗೆ ಅಜ್ಜಿಯ ಮೇಲೆ ಜೀವ. ಅವಳು ಪ್ರೀತಿಯಿಂದ ಬೈದದ್ದಕ್ಕೇ ಅವನು ಅಲ್ಲಿ ಉಳಿದದ್ದು.

ಒಲೆಯ ಪಕ್ಕದಲ್ಲಿ ಹಿರಿಯ ಶಿಷ್ಯ ಕೊಟ್ರಯ್ಯ ಸೌದೆ ಒಟ್ಟುತ್ತಿದ್ದ.

"ಕೊಟ್ರಯ್ಯಣ್ಣ, ಒಲೆ ಯಾಕೆ ಆರಿದೆ?"

"ಆರಿಲ್ಲ, ಆರಿಸಿದ್ದು. ಮಧ್ಯಾಹ್ನ ಹಚ್ಚಿದೆ. ಉರಿದು ಮುಗೀತು. ಕೆಂಡ ಎಳೆದು ಹಾಕಿ ಬಾಯಿ ಮುಚ್ಚಿದೆ."

"ಮಧ್ಯಾಹ್ನವೇ? ಬಿಸಿಲು ಚುರುಗುಟ್ಟುವಾಗ ಬೆಂಕಿ, ಹಲ್ಲು ಕಟಕಟ ಅನ್ನುವಾಗ ಬೂದಿ?"

"ಗುರುಗಳು ಹಾಗೇ ಹೇಳಿರೋದು."

"ಯಾಕೆ ಅಂತ ಕೇಳಿದೆಯಾ?"

"ಕೇಳೋದಕ್ಕೆ ನನಗೇನು ಚಳಿಯಾ?" ಎಂದ ಕೊಟ್ರಯ್ಯ, ಇನ್ನೊಂದು ಕೊರಡು ಎತ್ತಿಟ್ಟ.

ಮಾರ್ತಾಂಡ ಜಗಲಿಯತ್ತ ನೋಡಿದ. ನೀಲಜ್ಜಿ ಮೊಣಕಾಲು ಎದೆಗೆ ಸೇರಿಸಿ, ಹೊಳೆಯ ಕಡೆ ಮುಖಮಾಡಿ ಕುಳಿತಿದ್ದಳು. ಮೈ ನಡುಗುತ್ತಿತ್ತು.

ಅವನ ಸಿಟ್ಟು ನೆತ್ತಿಗೇರಿತು.

ಗುರು ನಿರಂಜನರು ಹಜಾರದಲ್ಲಿ ಕುಳಿತು ಹರಿದ ಕಂಬಳಿಗೆ ತೇಪೆ ಹಾಕುತ್ತಿದ್ದರು. ಪ್ರವಚನ ಕೇಳಲು ಬಂದ ಊರವರು ಸುತ್ತ ಕುಳಿತಿದ್ದರು. ಮಾರ್ತಾಂಡ ಕೈಮುಗಿಯುವುದನ್ನೂ ಮರೆತ.

"ಗುರುಗಳೇ, ನಿನ್ನೆ ತಾವು ದಯೆಯ ಬಗ್ಗೆ ಮಾತಾಡಿದಿರಿ."

"ಆಡಿದೆ."

"ಇವತ್ತು ಒಂದು ಮುದಿಜೀವ ಚಳಿಗೆ ನಡುಗುತ್ತಿದೆ. ಸೌದೆ ಬೆಟ್ಟದಷ್ಟು ಬಿದ್ದಿದೆ. ಒಲೆ ಖಾಲಿ. ಸಂಜೆಯ ಮೇಲೆ ಬೆಂಕಿ ಹಾಕಬೇಡಿ ಎಂದು ತಮ್ಮದೇ ಅಪ್ಪಣೆಯಂತೆ. ಇದು ಯಾವ ದಯೆ?"

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುಗಳು ದಾರ ಕಚ್ಚಿ ತುಂಡರಿಸಿದರು.

"ಅಜ್ಜಿಯ ಕೋಣೆಯೊಳಗೆ ಹೋಗಿದ್ದೆಯಾ?"

"ಹೋಗುವುದೇಕೆ? ಒಲೆಯನ್ನೇ ನೋಡಿ ಬಂದೆ. ಒಲೆಯಲ್ಲಿ ಇಲ್ಲದ್ದು ಕೋಣೆಯಲ್ಲಿ ಎಲ್ಲಿಂದ ಬರುತ್ತದೆ?"

"ಸರಿ," ಎಂದರು ಗುರುಗಳು. "ನಾಳೆಯಿಂದ ಒಲೆ ನಿನ್ನದು."

ಇಷ್ಟೇ. ತಪ್ಪಾಯಿತು ಎನ್ನಲಿಲ್ಲ, ತಪ್ಪಿಲ್ಲ ಎನ್ನಲಿಲ್ಲ. ಸೂಜಿಗೆ ಹೊಸ ದಾರ ಪೋಣಿಸಿಕೊಂಡರು. ಮಾರ್ತಾಂಡನನ್ನು ಅದು ಇನ್ನಷ್ಟು ಉರಿಸಿತು. ನ್ಯಾಯ ಕೇಳಲು ಬಂದವನಿಗೆ ಕೆಲಸ ಹೇಳಿ ಕಳಿಸುವುದು ದೊಡ್ಡವರ ಹಳೆಯ ಉಪಾಯ ಎಂದುಕೊಂಡ.

ಮರುದಿನ ಮಧ್ಯಾಹ್ನ ಕೊಟ್ರಯ್ಯ ರೂಢಿಯಂತೆ ಸೌದೆ ಹೊತ್ತು ಬಂದ. ಮಾರ್ತಾಂಡ ಒಲೆಗೆ ಅಡ್ಡ ನಿಂತ.

"ಇನ್ನು ಮೇಲೆ ಇಲ್ಲಿ ಬೆಂಕಿ ಬೀಳುವುದು ಚಳಿಯಾದಾಗ. ಪಂಚಾಂಗ ನೋಡಿಕೊಂಡಲ್ಲ."

"ನಿನ್ನಿಷ್ಟ ಮಾರಾಯ," ಎಂದು ಕೊಟ್ರಯ್ಯ ಹೊರೆಯನ್ನು ಅಲ್ಲೇ ಇಳಿಸಿ ಊಟಕ್ಕೆ ಹೋದ.

ಹೊತ್ತು ಇಳಿದು ಗಾಳಿ ಎದ್ದಿತು. ಮಾರ್ತಾಂಡ ಉತ್ತರೀಯವನ್ನು ಸೊಂಟಕ್ಕೆ ಬಿಗಿದು ಒಲೆ ಹಚ್ಚಿದ. ಕೊಟ್ರಯ್ಯ ಹಾಕುತ್ತಿದ್ದುದರ ಎರಡರಷ್ಟು ತುಂಬಿದ. ಉರಿ ಒಲೆಯ ಬಾಯಿಂದ ನಾಲಿಗೆ ಚಾಚಿತು. ಅವನ ಮುಖ ಕೆಂಪಾಯಿತು, ತೋಳು ಬೆವೆತವು. ಬೆಂಕಿಯೆಂದರೆ ಹೀಗಿರಬೇಕು ಎಂದುಕೊಂಡ.

ಓಡುತ್ತ ಅಜ್ಜಿಯ ಕೋಣೆಗೆ ಹೋಗಿ ನೆಲಕ್ಕೆ ಅಂಗೈ ಇಟ್ಟ. ಹಿಮದಂತೆ ಕೊರೆಯುತ್ತಿತ್ತು.

ಚಾಪೆಯ ಮೇಲೆ ಮುದುಡಿದ್ದ ನೀಲಜ್ಜಿ ಕಂಬಳಿಯಿಂದ ತಲೆ ಹೊರಗೆ ಹಾಕಿದಳು.

"ಯಾರು, ನೀನೇನೋ ಒಲೆಗೆ? ಕೊಟ್ರಯ್ಯ ಎಲ್ಲಿ ಸತ್ತ?"

"ಇನ್ನು ಮೇಲೆ ನಾನೇ ಅಜ್ಜಿ. ಇಷ್ಟು ದಿನ ನಿನ್ನನ್ನು ಹೇಗೆ ಮಲಗಿಸಿದ್ದರು ಅಂತ ಈಗ ಗೊತ್ತಾಯಿತು. ಮುಟ್ಟಿ ನೋಡು, ಹೆಣದ ಹಾಗಿದೆ ಕಲ್ಲು."

"ಅವನ ಕೈಯಲ್ಲಿ ಬೆಚ್ಚಗಿರ್ತಿತ್ತು ಕಣೋ."

"ಬೆಚ್ಚಗಿರುತ್ತಿದ್ದರೆ ಜಗಲಿಯಲ್ಲಿ ಯಾಕೆ ನಡುಗುತ್ತಿದ್ದೆ?"

"ಹೊಳೆ ನೋಡೋಕೆ ಜಗಲಿಗೆ ಹೋದರೆ ನಡುಗದೆ ಇನ್ನೇನು ಕುಣೀಲಾ? ನೋಡಿ ಬಂದು ಬೆಚ್ಚಗೆ ಮಲಗ್ತಿದ್ದೆ. ಹೆಸರು ನೋಡಿದರೆ ಮಾರ್ತಾಂಡ. ಕೈಯಲ್ಲಿ ಒಂದು ಕಲ್ಲು ಕಾಯವಲ್ಲದು."

ಮಾರ್ತಾಂಡನಿಗೆ ಕೆನ್ನೆಗೆ ಹೊಡೆದಂತಾಯಿತು. ಇವಳಿಗಾಗಿ ಗುರುಗಳ ಎದುರು ನಿಂತಿದ್ದೇನೆ. ಇವಳಿಗಾಗಿ ಬೆವರು ಸುರಿಸಿದ್ದೇನೆ. ಇವಳೋ ಆ ಸೋಮಾರಿಯನ್ನು ಹೊಗಳುತ್ತಾಳೆ. ಅನ್ಯಾಯಕ್ಕೆ ಒಗ್ಗಿಹೋದವರಿಗೆ ಅನ್ಯಾಯವೇ ಬೆಚ್ಚಗೆ ಅನ್ನಿಸುತ್ತದೆ ಎಂದುಕೊಂಡ. ಆ ಮಾತು ಅವನಿಗೇ ಬಹಳ ಹಿಡಿಸಿತು.

ಮತ್ತೆ ಸೌದೆ ಹಾಕಿದ. ಮತ್ತೆ ಹೋಗಿ ಮುಟ್ಟಿದ. ತಣ್ಣಗೇ ಇತ್ತು.

"ಇವತ್ತೇನು, ನೆಲ ಕಾಯಿಸ್ತೀಯೋ, ನನಗೆ ಪ್ರದಕ್ಷಿಣೆ ಹಾಕ್ತೀಯೋ?" ಎಂದಳು ಅಜ್ಜಿ. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ."

ಕೊಟ್ರಯ್ಯನ ಹೊರೆಯೂ ಮುಗಿಯಿತು. ಮಾರ್ತಾಂಡ ಒಟ್ಟಿಲಿನಿಂದ ದಪ್ಪ ಕೊರಡುಗಳನ್ನೇ ಎಳೆದು ತಂದು ತುರುಕಿದ. ಕಲ್ಲುಮುಚ್ಚಳವನ್ನು ಕಾಲಿನಿಂದ ಅತ್ತ ನೂಕಿದ. ಬೆಂಕಿಗೂ ಉಸಿರು ಬೇಕು. ಮುಚ್ಚಿ ಮುಚ್ಚಿಯೇ ಇವರು ಅದನ್ನು ಕೊಂದಿದ್ದಾರೆ. ಕಡೆಯ ಸಲ ನೆಲ ಮುಟ್ಟಿದಾಗ ಕೈಗೆ ಏನೋ ಉಗುರುಬೆಚ್ಚಗೆ ತಾಗಿದಂತಾಯಿತು. ಸಾಲದು ಎಂದು ಇನ್ನೆರಡು ಕೊರಡು ಇಟ್ಟು, ಮೈಕೈ ನೋವಿನಿಂದ ಬಿದ್ದಲ್ಲೇ ನಿದ್ದೆ ಹೋದ.

ಬೆಳಗಿನ ಜಾವ ಅವನನ್ನು ಎಬ್ಬಿಸಿದ್ದು ಕೆಮ್ಮು.

ನೀಲಜ್ಜಿ ಜಗಲಿಯ ಮೇಲೆ ಕುಳಿತಿದ್ದಳು. ಗುರುಗಳ ತೇಪೆ ಹಾಕಿದ ಕಂಬಳಿ ಅವಳ ಮೈಮೇಲೆ. ಗುರುಗಳು ಬರಿಮೈಯಲ್ಲಿ ಅವಳ ಬೆನ್ನು ನೀವುತ್ತಿದ್ದರು. ಸುತ್ತ ಮಂಜು ಹಾಲಿನಂತೆ ಕವಿದಿತ್ತು. ಅವಳ ಪ್ರತಿ ಉಸಿರೂ ಗೊರಗೊರ ಎನ್ನುತ್ತಿತ್ತು.

"ಅಜ್ಜಿ, ಇಷ್ಟು ಹೊತ್ತಿಗೆ ಹೊರಗೇಕೆ ಬಂದೆ?"

ಅಜ್ಜಿ ಕೆಮ್ಮು ಮುಗಿಯುವವರೆಗೆ ಕಾದು, ಕೋಣೆಯ ಕಡೆ ಬೆರಳು ತೋರಿಸಿದಳು.

"ಒಳಗೆ ರೊಟ್ಟಿ ಬಡಿದು ಹಾಕು. ಬೇಯುತ್ತೆ."

ಮಾರ್ತಾಂಡ ಒಳಗೆ ಕಾಲಿಟ್ಟವನು ಹಿಂದಕ್ಕೆ ಹಾರಿದ. ನೆಲ ಕಾದ ಹೆಂಚಾಗಿತ್ತು. ಚಾಪೆಯ ಅಂಚು ಕಂದಿತ್ತು. ಹೊರಗೆ ಓಡಿ ಒಲೆ ನೋಡಿದ. ಒಲೆ ತನ್ನಷ್ಟಕ್ಕೆ ತಾನೇ ಆರಿ ಬೂದಿಯಾಗಿತ್ತು.

ಬೆಂಕಿ ಇದ್ದಾಗ ಕಲ್ಲು ತಣ್ಣಗೆ. ಬೆಂಕಿ ಆರಿದಾಗ ಕಲ್ಲು ಕೆಂಡ. ಇದೆಂಥ ಮನೆ?

ಬೆಳಕು ಹರಿಯುವ ಹೊತ್ತಿಗೆ ಅಜ್ಜಿಗೆ ಜ್ವರ ಬಂದಿತ್ತು. ಪಂಡಿತರು ಬಂದು ಕಷಾಯ ಕುಡಿಸಿದರು. "ಇವತ್ತು ಮತ್ತೆ ಥಂಡಿ ತಾಗಿದರೆ ನನ್ನನ್ನು ಕರೆಯಬೇಡಿ," ಎಂದು ಹೇಳಿ ಹೋದರು.

ಮಾರ್ತಾಂಡ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಹಜಾರದಲ್ಲಿ ಮಲಗಿಸಿದ್ದ ಅಜ್ಜಿಯ ಮಗ್ಗುಲಿಗೆ ತಂದಿಟ್ಟ. ಹಸಿ ಇದ್ದಿಲಿನ ಹೊಗೆ ಒಂದೇ ಎಳೆ ಎದ್ದಿತು. ಅಷ್ಟಕ್ಕೇ ಅಜ್ಜಿ ಕಣ್ಣು ಮೇಲೆ ಮಾಡಿ ಕೆಮ್ಮಿದಳು. ಗುರುಗಳು ಅಗ್ಗಿಷ್ಟಿಕೆಯನ್ನು ಎತ್ತಿ ಹೊರಗಿಟ್ಟರು.

ಮಾರ್ತಾಂಡ ಅವರ ಬೆನ್ನಿಗೇ ಹೋದ.

"ಈ ಮನೆ ಕಟ್ಟಿದವನು ಮೂರ್ಖ. ಇದನ್ನು ನಂಬಿ ಕುಳಿತವರು..." ಎಂದು ನಿಲ್ಲಿಸಿದ.

"ಹೇಳು. ಅರ್ಧ ನುಂಗಿದರೆ ಹೊಟ್ಟೆ ನೋಯುತ್ತದೆ."

"ನಂಬಿ ಕುಳಿತವರು ಇನ್ನೂ ಮೂರ್ಖರು. ಈ ನೆಲವನ್ನು ಕಿತ್ತು ಹಾಕಬೇಕು ಗುರುಗಳೇ. ಅಪ್ಪಣೆ ಕೊಡಿ. ಇವತ್ತೇ ಕೀಳುತ್ತೇನೆ."

ಗುರುಗಳು ಕೊಟ್ಟಿಗೆಗೆ ಹೋಗಿ ಹಾರೆ ತಂದರು. ಅವನ ಕೈಯಲ್ಲಿಟ್ಟರು.

"ಕೀಳು. ಯಾವ ಕಲ್ಲು ತಣ್ಣಗಿದೆಯೋ ಅದರಿಂದ ಶುರುಮಾಡು. ಬಿಸಿಗಲ್ಲು ಮುಟ್ಟಬೇಡ."

ಮಾರ್ತಾಂಡ ಹಾರೆ ಹಿಡಿದು ಕೋಣೆಯೊಳಗೆ ನುಗ್ಗಿದ. ಅಜ್ಜಿಯನ್ನು ಆಗಲೇ ಒಳಗೆ ತಂದು ಬಾಗಿಲ ಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ಬಾಗಿಲ ಬಳಿಯ ಕಲ್ಲಿಗೆ ಕೈ ಇಟ್ಟ. ಸುಟ್ಟಿತು. ಗೋಡೆಯ ಬುಡದ್ದು, ನಡುವಿನದ್ದು, ಮೂಲೆಯದ್ದು, ಎಲ್ಲವೂ ಸುಟ್ಟವು. ಒಲೆಗೆ ಬಹಳ ದೂರವಾಗಿದ್ದ ಆಚೆ ಗೋಡೆಯ ಕಲ್ಲಾದರೂ ತಣ್ಣಗಿರಬೇಕು ಎಂದು ಹೋದ. ಅದೂ ಬಿಸಿಯಾಗಿತ್ತು.

ಇರಲಿ. ಬೆಂಕಿ ಆರಿ ಎಷ್ಟೋ ಹೊತ್ತಾಗಿದೆ, ಇನ್ನೇನು ಆರುತ್ತದೆ. ಹಾರೆಯನ್ನು ಗೋಡೆಗೆ ಒರಗಿಸಿ, ಗೋಣಿತಟ್ಟು ಮಡಿಸಿ ಹಾಕಿ ಅದರ ಮೇಲೆ ಕುಳಿತ.

ಅಜ್ಜಿ ಜ್ವರದಲ್ಲೇ ಒಂದು ಕಣ್ಣು ತೆರೆದಳು.

"ಏನೋ ಮಗಾ, ನಿಧಿ ಅಗೀತೀಯಾ?"

"ಮಲಕ್ಕೋ ಅಜ್ಜಿ."

"ಸಿಕ್ಕಿದರೆ ನನಗೂ ಪಾಲು ಕೊಡು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತಂತೆ. ಅಲ್ಲೀಗಂಟ ತಳ್ಳಿದರೆ ಸಾಕು, ಆಮೇಲೆ ನಿಧಿ ನೀನೇ ಇಟ್ಕೋ."

ಅವನು ಮುಖ ತಿರುಗಿಸಿದ. ಅವಳ ಎದೆ ಏರಿ ಇಳಿಯುವುದನ್ನು ನೋಡಲಾಗಲಿಲ್ಲ.

ಬಿಸಿಲು ಕಿಟಕಿಯಿಂದ ಬಂದು, ಗೋಡೆ ಇಳಿದು, ಹೊರಗೆ ಹೋಯಿತು. ಅವನು ಆಗಾಗ ಬಗ್ಗಿ ಕಲ್ಲು ಮುಟ್ಟುತ್ತಿದ್ದ. ಮೊದಲು ಅಂಗೈ ಇಡಲಾಗುತ್ತಿರಲಿಲ್ಲ. ಆಮೇಲೆ ಇಟ್ಟು ತೆಗೆಯುವಂತಾಯಿತು. ಆಮೇಲೆ ಇಡಬಹುದಾಯಿತು. ತಣ್ಣಗೆ ಮಾತ್ರ ಯಾವುದೂ ಆಗಲಿಲ್ಲ. ನಿನ್ನೆ ಸಂಜೆ ಇದೇ ಕಲ್ಲುಗಳು ಎಷ್ಟು ಬೆಂಕಿ ಕೊಟ್ಟರೂ ಬೇಡವೆಂದು ಹಟ ಹಿಡಿದಿದ್ದವು. ಇವತ್ತು ಯಾರು ಕೇಳಿದರೂ ಬಿಟ್ಟುಕೊಡೆವೆಂದು ಹಟ ಹಿಡಿದಿವೆ.

ಅವನು ಕೈಯನ್ನು ಕಲ್ಲಿನ ಮೇಲೆಯೇ ಬಿಟ್ಟ.

ತೆಗೆದುಕೊಳ್ಳಲು ತಡ. ಕೊಡಲೂ ತಡ. ಹಾಗಾದರೆ ನಿನ್ನೆ ಸಂಜೆ ತಾನು ಮುಟ್ಟಿದ್ದು ತನ್ನ ಬೆಂಕಿಯನ್ನಲ್ಲ. ನಿನ್ನೆ ಮಧ್ಯಾಹ್ನದ ಖಾಲಿ ಒಲೆಯನ್ನು. ಅಜ್ಜಿಯನ್ನು ಎಬ್ಬಿಸಿ ಮಂಜಿಗೆ ಅಟ್ಟಿದ್ದು ಬೆಳಗಿನ ಜಾವದ ಬೆಂಕಿಯಲ್ಲ. ಸಂಜೆಯ ತನ್ನ ಸಿಟ್ಟು.

ಹೊರಗೆ ಸೌದೆ ಬಿದ್ದ ಸದ್ದಾಯಿತು. ಹೊತ್ತು ನೆತ್ತಿಯಿಂದ ಸ್ವಲ್ಪವೇ ಇಳಿದಿತ್ತು. ಕೊಟ್ರಯ್ಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಪುರಲೆಕಡ್ಡಿ ಮುರಿಯುತ್ತಿದ್ದ.

"ಏನು ಮಾಡ್ತಿದೀಯ ಅಣ್ಣ?"

"ಹಚ್ತೀನಿ. ಮಧ್ಯಾಹ್ನ ಆಯ್ತಲ್ಲ. ನಿನ್ನ ಕೈಲಿ ಆಗಲಿಲ್ಲ ಅಂದ ಮೇಲೆ ನಾನೇ ತಾನೆ?"

"ಇವತ್ತು ಬೇಡ."

"ಗುರುಗಳು ದಿನಾ ಮಧ್ಯಾಹ್ನ ಹಚ್ಚು ಅಂದಿದ್ದಾರೆ."

"ಬಾ ಇಲ್ಲಿ."

ಕೊಟ್ರಯ್ಯನನ್ನು ರಟ್ಟೆ ಹಿಡಿದು ಒಳಗೆ ಎಳೆದು ತಂದ. "ಕೈ ಇಡು."

ಕೊಟ್ರಯ್ಯ ಬಗ್ಗಿ ಕೈ ಇಟ್ಟ. ತಟ್ಟನೆ ತೆಗೆದ. ಇಷ್ಟು ವರ್ಷ ಆ ಒಲೆ ಹಚ್ಚಿದವನು ಆ ನೆಲವನ್ನು ಮುಟ್ಟಿದ್ದು ಅದೇ ಮೊದಲು.

"ಅರೆ, ಇನ್ನೂ ಕಾದಿದೆ."

"ಇದರ ಮೇಲೆ ಇನ್ನೊಂದು ಬೆಂಕಿ ಹಾಕಿದರೆ ಸಂಜೆ ಅಜ್ಜಿ ಮತ್ತೆ ಜಗಲಿಗೆ ಹೋಗಬೇಕು. ಇರುವುದೇ ಸಾಕು. ಹೊಗೆಗೂಡು ಎಲ್ಲಿ ಮುಚ್ಚುವುದು?"

"ಗೋಡೆಯ ಹಿಂದೆ ಗೂಡಿಗೆ ಅಡ್ಡ ಬರೋ ಕಲ್ಲಿನ ಬಿಲ್ಲೆ ಇದೆ. ಒಲೆ ಆರಿದ ಮೇಲೆ ಎಳೆದುಬಿಡೋದು."

"ಬಿಸಿ ಮೇಲೆ ಹಾರಿ ಹೋಗದ ಹಾಗೆ."

"ಅದಕ್ಕೋ?" ಎಂದ ಕೊಟ್ರಯ್ಯ. "ಇಲಿ ಬರದ ಹಾಗೆ ಅಂದುಕೊಂಡಿದ್ದೆ."

ಮಾರ್ತಾಂಡ ಹೋಗಿ ಬಿಲ್ಲೆ ಎಳೆದ. ಒಲೆಯ ಬೂದಿ ಬಳಿದು, ಒಳಗೊಂದು ಕಿಡಿಯೂ ಇಲ್ಲದ್ದನ್ನು ಕೋಲಾಡಿಸಿ ನೋಡಿ, ಬಾಯಿಗೆ ಕಲ್ಲುಮುಚ್ಚಳ ಕೂಡಿಸಿದ. ಖಾಲಿ ಒಲೆ. ಮುಚ್ಚಿದ ಒಲೆ. ಈಗ ಯಾರಾದರೂ ದಾರಿಹೋಕ ನೋಡಿದ್ದರೆ ಈ ಆಶ್ರಮದವರಿಗೆ ಕರುಣೆಯಿಲ್ಲ ಎನ್ನುತ್ತಿದ್ದ.

ಸಂಜೆ ಹೊಳೆಯ ಗಾಳಿ ಎದ್ದಾಗ ಕಲ್ಲು ಕೈಗೆ ಹಿತವಾಗಿತ್ತು, ಹಸುಗೂಸಿನ ಮೈಯಂತೆ. ಮಾರ್ತಾಂಡ ಅಜ್ಜಿಯನ್ನು ಎರಡೂ ತೋಳಲ್ಲಿ ಎತ್ತಿ ತಂದು ನೆಲದ ಚಾಪೆಯ ಮೇಲೆ ಮಲಗಿಸಿದ. ಅವಳು ಅಂಗಾತವಾಗಿ, ಬೆನ್ನನ್ನು ಕಲ್ಲಿಗೆ ಆನಿಸಿಕೊಂಡಳು.

"ಕೊಟ್ರಯ್ಯ ಬಂದನೇನೋ?"

"ಇಲ್ಲ. ನಾನೇ."

"ಮತ್ತೆ ಬೆಚ್ಚಗಿದೆ?"

"ನಿನ್ನೆಯದು ಅಜ್ಜಿ."

"ಹಳಸಿಲ್ಲ ಬಿಡು," ಎಂದವಳು ಕಣ್ಣು ಮುಚ್ಚಿದಳು. ಗೊರಗೊರ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಸಣ್ಣದಾಯಿತು. ಹಣೆಯಲ್ಲಿ ಬೆವರು ಮೂಡಿತು. ಜ್ವರ ಇಳಿಯುತ್ತಿತ್ತು.

ಅವಳ ಉಸಿರು ಒಂದು ಹದಕ್ಕೆ ಬಂದ ಮೇಲೆ ಮಾರ್ತಾಂಡ ಎದ್ದ. ಹಾರೆಯನ್ನು ಎತ್ತಿಕೊಂಡ.

ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೆಜ್ಜೆ ಹೆಜ್ಜೆಗೂ ಇನ್ನೊಂದು ಸಿಟ್ಟು ಏಳುತ್ತಿತ್ತು. ನಿನ್ನೆಯದಕ್ಕಿಂತ ಬೇರೆಯದು.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕಂಬಳಿ ಇನ್ನೂ ಅಜ್ಜಿಯ ಹತ್ತಿರವೇ ಇತ್ತು. ಮಾರ್ತಾಂಡ ಹಾರೆಯನ್ನು ಅವರ ಪಕ್ಕದಲ್ಲಿಟ್ಟ.

"ತಣ್ಣನೆ ಕಲ್ಲು ಸಿಗಲಿಲ್ಲವೇ?"

"ಸಿಗಲಿಲ್ಲ. ತಪ್ಪು ಒಲೆಯದಲ್ಲ, ನನ್ನದು. ಬೆಂಕಿಯ ಬಾಯಲ್ಲಿ ಬಿಸಿ ಹುಡುಕಿದೆ. ಚಳಿಗೆ ಮುಂಚೆ ಹಚ್ಚಬೇಕು, ಹಚ್ಚಿ ಮುಚ್ಚಬೇಕು. ನೆಲ ಮುಟ್ಟಿ ನೋಡಿ ಹಚ್ಚಬೇಕು. ಅದು ತಿಳಿಯಿತು."

"ಒಳ್ಳೆಯದು."

"ಒಳ್ಳೆಯದಲ್ಲ," ಎಂದ ಮಾರ್ತಾಂಡ. "ಇಷ್ಟನ್ನು ತಾವು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಮೊನ್ನೆ, ಎಲ್ಲರ ಎದುರಿಗೆ. ಕಲ್ಲು ತಡವಾಗಿ ಕಾಯುತ್ತದೆ ಮಗು, ಅಂತ."

"ಅಜ್ಜಿ ಹೇಳಿದಳಲ್ಲ, ಬೆಚ್ಚಗಿರುತ್ತಿತ್ತು ಎಂದು."

"ಅವಳ ಮಾತು ನಾನು ಕೇಳಲಿಲ್ಲ. ಆ ಪಾಪ ನನ್ನ ತಲೆಗೇ ಇರಲಿ. ತಮ್ಮ ಮಾತು ಕೇಳುತ್ತಿದ್ದೆ."

"ಕೇಳುತ್ತಿದ್ದೆ. ನೀನೂ ಮರುದಿನದಿಂದ ನೆಲ ಮುಟ್ಟದೆಯೇ ಮಧ್ಯಾಹ್ನ ಹಚ್ಚುತ್ತಿದ್ದೆ. ಕೊಟ್ರಯ್ಯನೂ ಕೇಳಿದ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವನು ನನ್ನ ಮೇಲೆ ಸಿಟ್ಟಾಗಿಲ್ಲ. ನನಗೆ ಅವನದೇ ಚಿಂತೆ."

"ನನಗೆ ಕಲಿಸುವುದಕ್ಕಾಗಿ ಅಜ್ಜಿಯ ಎದೆ ಬೇಕಾಯಿತೇ? ಅವಳು ಇವತ್ತು ಉಳಿದಳು. ಉಳಿಯದಿದ್ದರೆ? ಆಗ ನನ್ನ ಈ ತಿಳಿವಳಿಕೆಯನ್ನು ಎಲ್ಲಿ ಇಟ್ಟುಕೊಳ್ಳಲಿ? ತಾವು ಎಲ್ಲಿ ಇಟ್ಟುಕೊಳ್ಳುತ್ತಿದ್ದಿರಿ?"

ಗುರುಗಳು ಹೊಳೆಯ ಕಡೆ ನೋಡಿದರು. ಹೊಳೆ ಹರಿಯುತ್ತಿತ್ತು. ಬರಿಮೈಗೆ ಗಾಳಿ ಬಡಿದು ಅವರ ಭುಜ ಒಮ್ಮೆ ನಡುಗಿದ್ದನ್ನು ಮಾರ್ತಾಂಡ ನೋಡಿದ. ಕನಿಕರವಾಯಿತು. ಆದರೂ ಕೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಕೈಮುಗಿಯದೆ, ತಲೆ ತಗ್ಗಿಸದೆ ನಿಂತೇ ಇದ್ದ.

ಗುರುಗಳು ಮೊಣಕಾಲಿಗೆ ಕೈಯೂರಿ ಎದ್ದು, ಅವನ ಮುಖವನ್ನು ನೇರವಾಗಿ ನೋಡಿದರು.

"ಈ ಸಿಟ್ಟು ನ್ಯಾಯದ್ದು. ನಾಳೆ ಬೆಳಗಿನ ಜಾವಕ್ಕೂ ಅದು ಬೆಚ್ಚಗಿದ್ದರೆ ಅಜ್ಜಿಯ ಕೋಣೆಗೆ ತಾ. ನಾನೂ ಅವಳಿಗೆ ತಪ್ಪು ಮಾಡಿದವನು, ಅವಳ ಕಾಲ ಬಳಿ ಕುಳಿತಿರುತ್ತೇನೆ."